ಸ್ವಂತ ಬಾಯಲ್ಲಿ ಮಂತ್ರ ಹೇಳಿದ ಚಂದಲೆ

ಬಹಳ ಕಾಲದ ಹಿಂದೆ, ಮೋಡಗಳಿಗಿಂತ ಎತ್ತರದಲ್ಲಿ ಹೇಮಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರಿ ಚಂದಲೆಗೆ ಒಬ್ಬನೇ ಅಣ್ಣ. ಕಡಲಯಾನಕ್ಕೆ ಹೊರಟ ಅವನನ್ನು ಕರಾಳಾಕ್ಷನೆಂಬ ಮಾಂತ್ರಿಕ ತನ್ನ ಗುಹೆಗೆ ಕರೆದು, ಕಲ್ಲಾಗಿಸಿ ನಿಲ್ಲಿಸಿಬಿಟ್ಟ.

ಆಸ್ಥಾನದ ಮಂತ್ರವಾದಿ ಧೂಮ್ರಕೇಶ ಮೀಸೆ ತಿರುವಿದ. "ಚಿಂತೆ ಬೇಡ ರಾಜಕುಮಾರಿ. ನಾನು ಸ್ಥಳಾಂತರ ಮಂತ್ರ ಓದುತ್ತೇನೆ. ನೀವು ಹೇಳಿದ ಜಾಗಕ್ಕೆ ಹೋಗುತ್ತೀರಿ."

ಅವನು ಓದಿದ. ಚಂದಲೆಯ ಮೈಯಿಂದ ಅವಳದೇ ರೂಪದ ಒಂದು ನೆರಳು ಎದ್ದು ಕಡಲ ದಂಡೆಗೆ ಹೋಯಿತು. ನೆರಳು ಕಂಡದ್ದೆಲ್ಲ ಅವಳಿಗೂ ಕಂಡಿತು. ಓದು ಮುಗಿಯಿತು, ನೆರಳು ಕರಗಿತು. ಚಂದಲೆ ಆಸ್ಥಾನದಲ್ಲೇ ನಿಂತಿದ್ದಳು.

ಎರಡನೇ ಸಲ ನೆರಳು ಗುಹೆಯ ಬಾಗಿಲಿಗೆ ಹೋಯಿತು. ಕಾವಲಿದ್ದ ಬೆಂಕಿಜೂಲಿನ ಸಿಂಹ ನೆರಳನ್ನು ಮೂಸಿಯೂ ನೋಡಲಿಲ್ಲ. ಓದು ಮುಗಿಯಿತು. ಚಂದಲೆ ಮತ್ತೆ ಅಲ್ಲೇ!

ಮೂರನೇ ಸಲ ಅಣ್ಣನ ಎದುರಿಗೇ ಹೋಯಿತು. ಅವನ ತುಟಿಯೊಂದು ಮಾತ್ರ ಕಲ್ಲಾಗಿರಲಿಲ್ಲ. "ತಂಗೀ, ಇವನ ಶಕ್ತಿಯೆಲ್ಲ ಈ ಗುಹೆಯೊಳಗೆ ಮಾತ್ರ. ಹೊರಗೆಳೆದರೆ ಮುಗಿಯಿತು," ಎಂದ. ಅವಳು ಕೈ ಚಾಚಿದಳು. ನೆರಳಿನ ಕೈ ಅವನ ಭುಜದೊಳಗೆ ಹೊಗೆಯಂತೆ ತೂರಿಹೋಯಿತು. ಅಷ್ಟರಲ್ಲಿ ಓದು ಮುಗಿಯಿತು.

ಸಭೆ ಚಪ್ಪಾಳೆ ತಟ್ಟಿತು. "ಹೋಗಿಬಂದಿರಲ್ಲ!" ಎಂದು ಧೂಮ್ರಕೇಶ ಬೀಗಿದ.

ಚಂದಲೆಯ ಮುಖ ಕೆಂಡವಾಯಿತು. "ಯಾರು ಹೋದದ್ದು? ನನ್ನ ನೆರಳು! ನಾನು ನಿಂತ ಜಾಗದಿಂದ ಒಂದಿಂಚಾದರೂ ಕದಲಿದೆನೇ? ಅಲ್ಲಿ ಅಣ್ಣ ಕಲ್ಲಾಗಿದ್ದಾನೆ, ಇಲ್ಲಿ ನಿಮಗೆ ಚಪ್ಪಾಳೆ! ಮಂತ್ರವನ್ನು ನಾನೇ ಹೇಳುತ್ತೇನೆ."

"ಅದು ನನ್ನ ಬಾಯಲ್ಲಿ ಮಾತ್ರ..." ಎಂದು ಅವನು ತಡವರಿಸಿದ.

"ನಿಮ್ಮ ಬಾಯಲ್ಲಿ ಬಂದರೆ ಅದರ ಫಲ ನೀವು ಎಬ್ಬಿಸಿದ ನೆರಳಿಗೆ. ನನ್ನ ಬಾಯಲ್ಲಿ ಬಂದರೆ ನನಗೆ. ಇಷ್ಟು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದಿರಲ್ಲ, ನಿಮಗೆ ನಾಚಿಕೆಯಾಗುವುದಿಲ್ಲವೇ?"

ಧೂಮ್ರಕೇಶ ತಲೆ ತಗ್ಗಿಸಿದ. ಮೂರು ಸಲ ಕೇಳಿದ ಮಂತ್ರ ಅವಳಿಗೆ ಬಾಯಿಪಾಠವಾಗಿತ್ತು. ಒಂದಕ್ಷರ ತಪ್ಪದೆ ಹೇಳಿದಳು. ನೆರಳು ಏಳಲಿಲ್ಲ. ಅವಳು ನಿಂತಿದ್ದ ಜಾಗ ಬರಿದಾಯಿತು.

ಈ ಸಲ ಗುಹೆಯ ಬಾಗಿಲಲ್ಲಿ ಸಿಂಹಕ್ಕೆ ಮನುಷ್ಯರ ವಾಸನೆ ಬಡಿಯಿತು. ಗರ್ಜಿಸಿ ಹಾರಿತು. ಚಂದಲೆ "ಅಣ್ಣನ ಪಕ್ಕಕ್ಕೆ!" ಎಂದು ಮಂತ್ರ ನುಡಿದಳು. ಸಿಂಹ ಬರಿನೆಲಕ್ಕೆ ಬಿತ್ತು.

ಸದ್ದು ಕೇಳಿ ಕರಾಳಾಕ್ಷ ಓಡಿಬಂದ. "ಯಾರೇ ನೀನು?"

"ಇವನ ತಂಗಿ!" ಎಂದವಳೇ ಒಂದು ಕೈಯಲ್ಲಿ ಅಣ್ಣನ ಕಲ್ಲಿನ ಬೆರಳು, ಇನ್ನೊಂದರಲ್ಲಿ ಮಾಂತ್ರಿಕನ ಗಡ್ಡ ಹಿಡಿದು, "ಹೇಮಗಿರಿಗೆ!" ಎಂದು ಮಂತ್ರ ಹೇಳಿದಳು.

ಮೂವರೂ ಆಸ್ಥಾನದ ನಡುವೆ ಬಂದು ಬಿದ್ದರು. ಗಡ್ಡ ಹಿಡಿಸಿಕೊಂಡವನು ಕೆಮ್ಮುವ ಬಡಕಲು ಮುದುಕನಾಗಿದ್ದ. ಅವಳ ಇನ್ನೊಂದು ಕೈಯಲ್ಲಿದ್ದ ಬೆರಳು ಬೆಚ್ಚಗಾಯಿತು. "ಮೆಲ್ಲಗೆ ಹಿಡಿಯೇ, ನೋಯುತ್ತೆ," ಎಂದ ಅಣ್ಣ. ಅಷ್ಟು ಹೊತ್ತು ಸಿಟ್ಟಿನಲ್ಲಿ ಬಿಗಿದುಕೊಂಡಿದ್ದ ಚಂದಲೆ ಆಗ ಅತ್ತಳು.

ಮಾಂತ್ರಿಕ ಮತ್ತೆ ಆ ಗುಹೆಯ ಹೊಸಿಲು ತುಳಿಯಲಿಲ್ಲ. ಹೇಮಗಿರಿಯಲ್ಲಿ ಸ್ಥಳಾಂತರ ಮಂತ್ರವನ್ನು ಮಕ್ಕಳಿಗೂ ಕಲಿಸಿದರು. ಅಲ್ಲಿನ ಜನ ತಮಗೆ ಬೇಕಾದ ಕಡೆಗೆ ತಾವೇ ಹೋಗುತ್ತ, ತಾವೇ ಬರುತ್ತ, ನೂರು ಕಾಲ ನೆಮ್ಮದಿಯಾಗಿ ಬಾಳಿದರು.