ಎಂಬತ್ತನೇ ನಿಮಿಷದ ಕೂಗು

ಜನವರಿ 8, ಗುರುವಾರ, ಬೆಳಿಗ್ಗೆ 10.20. ಜಗನ್ ಎಂಬಾತ ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಲಾವಣ್ಯರ ಮೇಜಿನ ಮೇಲೆ ಮೂರು ಹಾಳೆ ಇಟ್ಟ. ಕಳವಾರದಾಚೆ ದ್ರಾಕ್ಷಿ ತೋಟವಿರುವ ಮೋಹನ್‌ಬಾಬು ಅವನಿಗೊಂದು ಕೆಂಪು ಸ್ಪೋರ್ಟ್ಸ್ ಕಾರು ಮಾರಿದ್ದ. ಮೋಸವಾಗಿದೆ ಅನ್ನುವುದು ದೂರು.

"ಇದು ಅವರು ಸಹಿ ಹಾಕಿದ ಪತ್ರ ಮೇಡಂ. ಇಂಜಿನ್ ಒಂದು ಸಲಾನೂ ಮಿತಿ ಮೀರಿ ತಿರುಗಿಲ್ಲ, ಜೂನ್ 10ಕ್ಕೆ ಬೆಂಗಳೂರಲ್ಲಿ ಸರ್ವೀಸ್ ಮಾಡಿಸಿ ಸೀದಾ ತೋಟಕ್ಕೆ ತಂದೆ ಅಂತ. ಇದು ಆವತ್ತಿನ ಸರ್ವೀಸ್ ಚೀಟಿ: ಇಂಜಿನ್ ಓಡಿದ್ದು 211 ಗಂಟೆ, ಮಿತಿ ಮೀರಿದ್ದು ಸೊನ್ನೆ. ಇದು ನಾನು ಮೊನ್ನೆ ಕಾರಿನ ಕಂಪ್ಯೂಟರಿಂದ ತೆಗೆಸಿದ್ದು. ಒಂದು ಸಲ ಮೀರಿದೆ. 212 ಗಂಟೆ 20 ನಿಮಿಷದಲ್ಲಿ."

"ಜೋರಾಗಿ ಓಡಿಸಿರಬಹುದು."

"ಎಷ್ಟು ಒತ್ತಿದ್ರೂ ಕಾರೇ ತಡೆಯತ್ತೆ. ತಪ್ಪು ಗೇರಿಗೆ ಬಿದ್ರೆ ಮಾತ್ರ ಹಿಂಗೆ ಕಿರಿಚ್ಕೊಳ್ಳತ್ತೆ. ಕೇಳಿದೋರು ಮರೆಯಲ್ಲ ಮೇಡಂ."

ವಂಚನೆ ಕಲಂ ಹಾಕಿ ಎಫ್‌ಐಆರ್ ದಾಖಲಾಯಿತು. ಸರ್ವೀಸ್ ಸೆಂಟರಿನ ಗೇಟ್ ಪುಸ್ತಕದಲ್ಲಿ ಕಾರು ಹೊರಬಿದ್ದ ಹೊತ್ತು ಸಂಜೆ 5.10. 211 ಗಂಟೆಯಿಂದ 212 ಗಂಟೆ 20 ನಿಮಿಷಕ್ಕೆ ಎಂಬತ್ತು ನಿಮಿಷ; ಸೀದಾ ತಂದದ್ದು ನಿಜವಾದರೆ ಗೇಟು ದಾಟಿದ ಎಂಬತ್ತನೇ ನಿಮಿಷಕ್ಕೆ ಅದು ಎಲ್ಲಿತ್ತು? ಮರುದಿನ ಲಾವಣ್ಯ ಅದೇ ಗೇಟಿನಿಂದ, ಅದೇ ಹೊತ್ತಿಗೆ, ಹೆಡ್ ಕಾನ್‌ಸ್ಟೆಬಲ್ ವೆಂಕಟರವಣಪ್ಪನ ಜೊತೆ ಜೀಪಿನಲ್ಲಿ ಹೊರಟರು.

6.30ಕ್ಕೆ ಜೀಪು ಕಳವಾರದ ತಿರುವಿನಲ್ಲಿ ನಿಂತಿತು. ಸ್ಕಂದಗಿರಿ ಬೆಟ್ಟ ಕಪ್ಪಾಗಿ ಮೇಲೆ ಬಗ್ಗಿದಂತಿತ್ತು. ಕೂಲಿಯವರು ಮನೆಗೆ ಮರಳುವ ಹೊತ್ತಾದರೂ ರಸ್ತೆಯಲ್ಲಿ ನರಪಿಳ್ಳೆಯೂ ಇಲ್ಲ.

"ಯಾಕೆ ಬೆವರ್ತಿದ್ದೀರಿ, ವೆಂಕಟರವಣಪ್ಪನೋರೆ?"

"ಇಲ್ಲೇ ಮೇಡಂ ನಾನು ಪಂಚನಾಮೆ ಬರೆದಿದ್ದು. ಕೊಂಡಮ್ಮ ಅಂತ, ಕೂಲಿಯೋಳು. ಅಪರಿಚಿತ ವಾಹನ ಗುದ್ದಿ ಸತ್ಲು. ಜೂನ್ 10, ಸಂಜೆ ಆರೂವರೆ."

ಲಾವಣ್ಯ ಜೀಪಿನಿಂದ ಇಳಿದರು. ಸೀದಾ ಕೇರಿಗೆ, ಕೊಂಡಮ್ಮನ ಗಂಡ ಗಂಗುಲಪ್ಪನ ಮನೆಗೆ ನಡೆದರು.

"ನಮ್ಮೋಳು ಹುಟ್ಟು ಮೂಗಿ ಅಮ್ಮಾ. ಆವತ್ತು ಊರಿಗೂರೇ ಕೂಗು ಕೇಳ್ತು. ಸಾಯೋವಾಗ ಮೂಗಿಗೆ ಬಾಯಿ ಬಂತು, ದೆವ್ವ ಆದ್ಲು ಅಂದ್ರು. ಈಗ ಹೊತ್ತು ಇಳಿದ್ರೆ ಆ ದಾರೀಲಿ ಯಾರೂ ಓಡಾಡಲ್ಲ. ನನ್ನ ಮಗಳನ್ನ ದೆವ್ವದ ಮಗಳು ಅಂತಾರೆ, ಯಾವ ತೋಟಕ್ಕೂ ಸೇರಿಸಲ್ಲ."

"ಕೂಗು ಮೊದಲೋ, ಗುದ್ದಿದ ಸದ್ದು ಮೊದಲೋ?"

"ಕೂಗೇ ಮೊದಲು. ಇವರಿಗೂ ಹೇಳ್ದೆ. ಬರ್ಕೊಳ್ಳಲಿಲ್ಲ."

"ದೆವ್ವ ಕೂಗ್ತು ಅಂತ ಹೆಂಗಪ್ಪಾ ಬರೆಯೋದು?" ವೆಂಕಟರವಣಪ್ಪ ಗೊಣಗಿದ.

"ಈಗ ಬರೀರಿ," ಅಂದರು ಲಾವಣ್ಯ. ತಾವು ಹುಟ್ಟಿದ್ದೂ ಇಂಥದೇ ಕೇರಿಯಲ್ಲಿ. ಕೇರಿಯವರು ಸತ್ತಾಗ ಒಂದು ದೆವ್ವ ಹುಟ್ಟಿದರೆ ಸಾಕು, ಆರೋಪಿಯನ್ನು ಯಾರೂ ಹುಡುಕುವುದಿಲ್ಲ ಎಂಬುದು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ.

ಕೊಂಡಮ್ಮನ ಸೀರೆಯಲ್ಲಿ ಸಿಕ್ಕಿದ್ದ ಬಣ್ಣದ ಚಕ್ಕೆ ಏಳು ತಿಂಗಳಿಂದ ಠಾಣೆಯ ಉಗ್ರಾಣದಲ್ಲೇ ಕೂತಿತ್ತು. ಚಿಂತಾಮಣಿಯ ಗ್ಯಾರೇಜೊಂದರಲ್ಲಿ ಕಾರಿನ ಎಡಮೂಲೆಗೆ ಹೊಸ ಬಣ್ಣ ಹೊಡೆಸಿದ್ದು ಬಯಲಾಯಿತು. ಅದರಡಿಯ ಹಳೆಯ ಕೆಂಪೂ ಆ ಚಕ್ಕೆಯೂ ಒಂದೇ ಎಂದು ಪ್ರಯೋಗಾಲಯದ ವರದಿ ಬಂತು.

ಜನವರಿ 27, ಬೆಳಿಗ್ಗೆ 11.00. ಮೋಹನ್‌ಬಾಬು ದ್ರಾಕ್ಷಿ ಚಪ್ಪರದ ಕೆಳಗೆ ಕಾಫಿ ಕುಡಿಯುತ್ತಿದ್ದ.

"ಏನಮ್ಮಾ, ಗೇರು ತಪ್ಪಿದ್ದಕ್ಕೆಲ್ಲ ಜೀಪು ತಗೊಂಡು ಬರ್ತಾರಾ?"

"ಕೊಂಡಮ್ಮ ಗೊತ್ತಾ?"

"ನಮ್ಮಲ್ಲೇ ಗೊನೆ ಕೊಯ್ಯೋಳು..." ಲೋಟ ಅಲ್ಲೇ ನಿಂತಿತು.

ಲಾವಣ್ಯ ಪ್ರಯೋಗಾಲಯದ ವರದಿ ಮುಂದಿಟ್ಟರು. ಅವನು ಓದಿದ. ಹಾಳೆ ಮಡಚಿ ಕೆಳಗಿಟ್ಟ.

"ಅಡ್ಡ ಬಂದಳಾ?" ಲಾವಣ್ಯ ಕೇಳಿದರು.

"ಇಲ್ಲ. ಪಕ್ಕದಲ್ಲೇ ಹೋಗ್ತಿದ್ಲು. ನಾಲ್ಕನೇ ಗೇರಿಗೆ ಹಾಕೋಕೆ ಹೋದೆ, ಎರಡಕ್ಕೆ ಬಿತ್ತು. ಹಂಗೆ ಅರಚ್ಕೊಂತು. ಇಂಜಿನ್ ಹೋಯ್ತು ಅನ್ಕೊಂಡು ಮೀಟರ್ ನೋಡ್ದೆ."

"ಗುದ್ದಿದ ಮೇಲೆ ಇಳಿದ್ರಾ?"

"ಇಳಿದೆ."

"ಉಸಿರಾಡ್ತಿದ್ಲಾ?"

"ನೋಡಲಿಲ್ಲ. ಆ ಕಾರಿಗೆ ಇಂಜಿನ್ ಹಿಂದಿರತ್ತೆ. ಹೋಗಿ ಮುಚ್ಚಳ ಎತ್ತಿ, ಎಣ್ಣೆ ಸೋರ್ತಿದೆಯಾ ಅಂತ ನೋಡ್ದೆ."

ಬಂಧನದ ಪತ್ರವನ್ನು ತೋಟದಾಳುಗಳೆಲ್ಲ ಕೇಳುವಂತೆ ಗಟ್ಟಿಯಾಗಿ ಓದಲು ಲಾವಣ್ಯ ವೆಂಕಟರವಣಪ್ಪನಿಗೆ ಹೇಳಿದರು. ಕೂಗಿದ್ದು ಕಾರು, ಕೊಂಡಮ್ಮನಲ್ಲ ಎಂಬ ಸಾಲನ್ನು ಅವನಿಂದ ಎರಡು ಸಲ ಓದಿಸಿದರು. ಲಾವಣ್ಯ ಹೇಳಿಕಳಿಸಿದ್ದರಿಂದ ಬಂದು ಆಳುಗಳ ಹಿಂದೆ ನಿಂತಿದ್ದ ಗಂಗುಲಪ್ಪ ಮಗಳ ಕೈ ಹಿಡಿದುಕೊಂಡು ಮುಂದಕ್ಕೆ ಬಂದ.

ಸಂಜೆ ಕೇಸ್ ಡೈರಿಯಲ್ಲಿ ಲಾವಣ್ಯ ಬರೆದರು: ಆರೋಪಿ ಕುಡಿದಿರಲಿಲ್ಲ. ಮೃತಳ ಮೇಲೆ ದ್ವೇಷವಿರಲಿಲ್ಲ. ಆ ಹೊತ್ತಿನಲ್ಲಿ ಅವನು ನಡುಗಿಹೋಗಿದ್ದು ನಿಜ. ಇಂಜಿನ್ನಿಗೆ ಏನಾಯಿತೋ ಎಂದು.