ಕರೆಯುವ ಮೊದಲೇ ಬಂದ ದನಿ

ಕಮಲಾಪುರದ ದಾಲ್ ಮಿಲ್ಲಿನಲ್ಲಿ ತೊಗರಿ ಚೀಲ ಎಣಿಸಿ ಕೂಗುವುದು ನಾನು ಬರೆದ ಪ್ರೋಗ್ರಾಮ್. ದನಿ ಮಾತ್ರ ಹಮಾಲ ಮಾಪಣ್ಣನದು. ರೆಕಾರ್ಡ್ ಮಾಡಿದ ವಾರದಲ್ಲೇ ಆತ ತೀರಿಕೊಂಡ. ಚೀಲ ತೂಕದ ಕಾಟಾದ ಮೇಲೆ ಬಿದ್ದಾಗಷ್ಟೇ ಕಂಪ್ಯೂಟರ್ ಆ ದನಿಯನ್ನು ಡಿಸ್ಕಿನಿಂದ ಮೆಮೊರಿಗೆ ತರುತ್ತಿದ್ದುದರಿಂದ ಕೂಗು ತಡವಾಗುತ್ತಿತ್ತು. ಮೊನ್ನೆ ಮಧ್ಯಾಹ್ನ ಕೂಗು ತಡವಾಗದಿರಲೆಂದು ದನಿಯನ್ನೆಲ್ಲ ಮೊದಲೇ ಮೆಮೊರಿಗೆ ತಂದು, ಅಲ್ಲಿಂದ ಕದಲದಂತೆ ಲಾಕ್ ಮಾಡಿದೆ.

"ಚೀಲ ಇಡು ದಿಲೀಪ, ಈಗ ನೋಡು ಹೆಂಗ ಕೂಗ್ತದ," ಎಂದೆ ಮಾಪಣ್ಣನ ಮಗನಿಗೆ.

ಅವನು ಚೀಲ ಮುಟ್ಟುವ ಮೊದಲೇ ಸ್ಪೀಕರಿನಲ್ಲಿ ಕೆಮ್ಮು ಕೇಳಿತು. ಬೀಡಿ ವಾಸನೆ ಬಂತು. ಆಮೇಲೆ ದನಿ: "ಲಾಭ."

"ಚೀಲ ಎಣಸುವಾಗ ಅಪ್ಪ ಎಂದೂ 'ಒಂದು' ಅಂತಿದ್ದಿಲ್ರೀ," ಎಂದ ದಿಲೀಪ ಮೆಲ್ಲಗೆ. "ಮೊದಲನೇ ಚೀಲಕ್ಕ 'ಲಾಭ' ಅಂತಿದ್ದ."

ಕಲಬುರಗಿಗೆ ಮರಳಿ ರೆಕಾರ್ಡನ್ನು ಮತ್ತೆ ಮತ್ತೆ ಕೇಳಿದೆ. ನಾನು ಹೇಳಿಸಿದಂತೆಯೇ ಇದೆ: "ಒಂದು." ಕೆಮ್ಮು ಎಲ್ಲೂ ಇಲ್ಲ.