ಬೊರಿವಲಿ ಫ್ಲ್ಯಾಟಿನ ನಾತ

ಮಾಟುಂಗದ ಹೋಟೆಲಿನಲ್ಲಿ ಪ್ರಾಯವನ್ನೆಲ್ಲ ಸವೆಸಿ ರಮಾನಾಥ ಕೊಂಡಿದ್ದ ಬೊರಿವಲಿಯ ಫ್ಲ್ಯಾಟನ್ನು, ಬಾಡಿಗೆಗಿದ್ದ ತಿಲಕ್ ಒಣಮೀನಿನ ಗೋದಾಮು ಮಾಡಿಬಿಟ್ಟಿದ್ದ. ಟೈಲ್ಸ್ ಒಡೆದಿದ್ದವು, ಬಾಗಿಲುಗಳು ನೀರು ಕುಡಿದು ಊದಿಕೊಂಡಿದ್ದವು, ನಾತ ಲಿಫ್ಟಿನವರೆಗೂ ಹಬ್ಬಿತ್ತು. ಬಿಟ್ಟುಹೋಗು ಎಂದರೆ ನಗುತ್ತಿದ್ದ.

"ಬಿಡುದಿಲ್ಲ ಮಾರಾಯ್ರೆ, ಎಂತ ಮಾಡ್ತೀರಿ? ಈ ನಾತಕ್ಕೆ ನಿಮ್ಮ ಮನೆ ಯಾರು ತಗೊಳ್ತಾರೆ?"

ಆ ನಗು ರಮಾನಾಥನ ಹೊಟ್ಟೆಯಲ್ಲಿ ಕೆಂಡದಂತೆ ಕೂತಿತು. ಕೊಲ್ಲುವುದೇ ಸರಿ ಎಂದು ನಿಶ್ಚಯಿಸಿದ ಮೇಲೆಯೇ ಅವನ ತಲೆ ತಣ್ಣಗಾದದ್ದು. ಹಿಂದುಮುಂದಿಲ್ಲದ ತಿಲಕ್, ಇವತ್ತಲ್ಲ ನಾಳೆ ಗಲ್ಫಿಗೆ ಹೋಗುತ್ತೇನೆಂದು ಬಿಲ್ಡಿಂಗಿಗೆಲ್ಲ ಸಾರಿಕೊಂಡಿದ್ದ. ಕಾಣೆಯಾದರೆ ಹುಡುಕುವವರಿಲ್ಲ. ಹೆಣ ನಾರಿದರೂ ಜನ ಮೀನೆಂದೇ ಮೂಗು ಮುಚ್ಚಿಕೊಳ್ಳುತ್ತಾರೆ. ಅವನ ನಾತವೇ ಅವನನ್ನು ಮುಚ್ಚಲಿ!

ಗಣೇಶನ ಮೆರವಣಿಗೆಯ ಡೋಲು ಬೀದಿಯನ್ನೇ ನಡುಗಿಸುತ್ತಿದ್ದ ಮಧ್ಯಾಹ್ನ ಕೆಲಸ ಮುಗಿಯಿತು. ಬಾತ್‌ರೂಮಿನ ಪಕ್ಕದ, ಸಾಮಾನಿಡುವ ದೊಡ್ಡ ಗೂಡಿನಲ್ಲಿ ಹೆಣವನ್ನು ಕೂರಿಸಿ, ಸುಣ್ಣ ಸುರಿದು, ತಾನೇ ಇಟ್ಟಿಗೆ ಕಟ್ಟಿ ಗಿಲಾವು ಮಾಡಿದ. ಮನೆ ಹಾಳುಮಾಡಿ ಓಡಿಹೋದ ಬೇವರ್ಸಿ ಎಂದು ಸೊಸೈಟಿಯವರ ಮುಂದೆ ಬೈದಾಡಿದ. ಅದು ನಟನೆಯಾಗಿರಲಿಲ್ಲ. ಸತ್ತವನ ಮೇಲೂ ಅವನ ಸಿಟ್ಟು ಇಳಿದಿರಲಿಲ್ಲ.

ನವರಾತ್ರಿ ಕಳೆಯುವತನಕ ಕಾದು, ಆಮೇಲೆ ವಾಸನೆಯ ಮೇಲೆ ಬಿದ್ದ. ಹಲ್ಲು ಕಚ್ಚಿಕೊಂಡು ವಿನೆಗರ್, ಅಡುಗೆ ಸೋಡಾ, ಬ್ಲೀಚಿಂಗ್ ಪೌಡರ್ ಹಾಕಿ ನೆಲ ತಿಕ್ಕಿದ. ಬಾಗಿಲುಗಳನ್ನು ಕಿತ್ತೆಸೆದ. ಗೋಡೆಗಳನ್ನು ಕೆರೆಸಿ ಹೊಸ ಬಣ್ಣ ಹೊಡೆಸಿದ. ತನ್ನ ಮೂಗನ್ನು ನಂಬದೆ ಸೆಕ್ರೆಟರಿಯನ್ನು, ಏಜೆಂಟನನ್ನು, ಹಾಲಿನವನನ್ನು ಒಳಗೆ ಕರೆದು ಕೇಳಿದ. ಬಣ್ಣದ ವಾಸನೆ ಬಿಟ್ಟರೆ ಏನಿಲ್ಲ ಎಂದರು ಎಲ್ಲರೂ. ನೋಡಿದೆಯಾ ತಿಲಕ್, ಎಂದುಕೊಂಡ ರಮಾನಾಥ.

ಮನೆ ನೋಡಲು ಬೆಳಗಾವಿ ಕಡೆಯ ಕಟ್ಟಡ ಕಾಂಟ್ರಾಕ್ಟರ್ ಮುರಿಗೆಪ್ಪ, ಹೆಂಡತಿ ಶುಭಾಂಗಿಯೊಡನೆ ಬಂದ.

"ಮನಿ ಭಾಳ ಛಲೋ ಇಟ್ಟೀರಿ ಬಿಡ್ರಿ," ಎಂದು ಹಾಲ್‌ನಲ್ಲೇ ನಿಂತು ತಲೆದೂಗಿದ. ವ್ಯಾಪಾರ ಕುದುರಿತೆಂದು ರಮಾನಾಥ ಬೀಗುತ್ತಿರುವಾಗಲೇ ಒಳಗಿನಿಂದ ಶುಭಾಂಗಿ ವಾಂತಿ ಮಾಡುವ ಸದ್ದು ಕೇಳಿತು. ಓಡಿಹೋಗಿ ನೋಡಿದರೆ, ಅವಳು ಸೆರಗನ್ನು ಮೂಗಿಗೊತ್ತಿಕೊಂಡು ಹೊಸ ಗೋಡೆಯತ್ತ ಬೆರಳು ಮಾಡಿ ನಿಂತಿದ್ದಳು.

"ಈ ಗ್ವಾಡಿ ಒಳಗ ಏನೋ ಸತ್ತೈತ್ರಿ."

"ಅದು ಬಣ್ಣದ ವಾಸನೆ ಅಮ್ಮಾ," ಎಂದ ರಮಾನಾಥ.

"ಅಲ್ಲ ಬಿಡ್ರಿ. ಇಕಿಗೆ ಈಗ ಮೂರ ತಿಂಗಳು," ಎಂದು ಮುರಿಗೆಪ್ಪ ನಾಚಿಕೊಂಡು ನಕ್ಕ. "ಬಸುರಿ ಮೂಗು ನೋಡ್ರಿ, ಕೆಳಗಿನ ಮನ್ಯಾಗ ಒಗ್ಗರಣಿ ಹಾಕಿದ್ರೂ ಇಕಿಗೆ ಇಲ್ಲೇ ತಿಳೀತೈತಿ." ಹಾಗೆನ್ನುತ್ತಲೇ ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟಿದ. ಇನ್ನೊಮ್ಮೆ ತಟ್ಟಿ ಕಿವಿಗೊಟ್ಟ; ಒಳಗೆ ಟೊಳ್ಳು ಸದ್ದು. ಅವನ ನಗು ಮಾಯವಾಯಿತು.